ಸೌಂಡ್ ಬಿಡಿ, ಸೀಲ್ ನೋಡಿ ಕಣ್ರೋ

(1/8)
ಮೊದಲನೇ ಫೋಟೋ ನೋಡಿ. ಆರ್‌ಎಕ್ಸ್ 100ರ ಪಿಸ್ಟನ್. ಎಕ್ಸಾಸ್ಟ್ ಕಡೆ ಉದ್ದುದ್ದ ಗೀರು, ರಿಂಗ್ ಅಲ್ಲೇ ಕಚ್ಕೊಂಡು ಕೂತಿದೆ. ಎರಡನೇ ಫೋಟೋ ಎಕ್ಸ್‌ರೇ, ನನ್ನ ಬೆಂಚ್‌ಮೇಟ್‌ದು. ಕಾಲರ್ ಬೋನ್ ಎರಡು ತುಂಡು. "ಹಾಕು, ನಾಲ್ಕು ಜನ ಕಲೀಲಿ" ಅಂತ ಅವನೇ ಹೇಳಿದ.
ಎರಡೂ ಒಂದೇ ಕ್ಷಣದಲ್ಲಿ ಮುರಿದಿದ್ದು. ಅದರಲ್ಲಿ ನನ್ನ ಪಾಲೂ ಇದೆ.

(2/8)
ಕಾಫಿ ತೋಟದ ಮಣ್ಣು ರಸ್ತೆ, ಉದ್ದದ ಇಳಿಜಾರು. ಸೆಕೆಂಡ್ ಗೇರ್, ರೇಸ್ ಪೂರ್ತಿ ಬಿಟ್ಟು ಇಳೀತಿದ್ದ. ಎಂಜಿನ್ ಹಿಡ್ಕೊಳ್ತು, ಹಿಂದಿನ ಚಕ್ರ ಲಾಕ್ ಆಯ್ತು, ಕ್ಲಚ್ ಹಿಡಿಯೋಕೂ ಟೈಮ್ ಸಿಗಲಿಲ್ಲ.
ಅದಕ್ಕೆ ಒಂದು ತಿಂಗಳ ಹಿಂದೆ "ಆಯಿಲ್ ಪಂಪ್ ಕಿತ್ತಾಕು ಮಗಾ, ರೇಸ್ ಗಾಡಿಗೆ ಯಾರು ಪಂಪ್ ಇಡ್ತಾರೆ" ಅಂದಿದ್ದು ನಾನು. ಎಲ್ಲಿಂದ ಕಲ್ತೆ? 30 ಸೆಕೆಂಡಿನ ರೀಲ್ಸ್‌ನಿಂದ.
ಆ ರೀಲ್ಸ್ ಹೇಳದೇ ಬಿಟ್ಟಿದ್ದು ಇದು: ಪೆಟ್ರೋಲಿಗೇ ಆಯಿಲ್ ಬೆರೆಸಿದ ಗಾಡಿಯಲ್ಲಿ ರೇಸ್ ಬಿಟ್ರೆ ಪೆಟ್ರೋಲೂ ತೀರಾ ಕಮ್ಮಿ, ಅದರ ಜೊತೆ ಆಯಿಲೂ ತೀರಾ ಕಮ್ಮಿ. ಆದರೆ ಇಳಿಜಾರು ಎಂಜಿನ್ನನ್ನ ತಿರುಗಿಸ್ತಾನೇ ಇರುತ್ತೆ. ಇಳಿಯೋವಾಗ ಕ್ಲಚ್ ಹಿಡಿದು ಆಗಾಗ ಸ್ವಲ್ಪ ರೇಸ್ ಕೊಡ್ಬೇಕು. ಇದನ್ನ ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಯಾಕಂದ್ರೆ ನನಗೇ ಗೊತ್ತಿರಲಿಲ್ಲ.

(3/8)
ಈಗ ನೇರವಾಗಿ ಹೇಳ್ತೀನಿ, ಬೈಕೊಂಡ್ರೂ ಪರವಾಗಿಲ್ಲ. ನಾವು ಮಾಡ್ತಿರೋದು ಮಾಡಿಫಿಕೇಶನ್ ಅಲ್ಲ, ಶೋಕಿ.
ಸೈಲೆನ್ಸರ್ ಕತ್ತರಿಸಿದ್ರೆ ಪವರ್ ಬರುತ್ತಂತೆ! ನಮ್ಮ ಟೂ ಸ್ಟ್ರೋಕಿನ ಎಕ್ಸಾಸ್ಟ್ ಪೋರ್ಟಿಗೆ ಮುಚ್ಚೋ ವಾಲ್ವ್ ಇಲ್ಲ ಕಣ್ರೋ. ಒಳಗೆ ಬಂದ ಹೊಸ ಮಿಕ್ಸ್ಚರ್ ಎಕ್ಸಾಸ್ಟ್ ಪೋರ್ಟಿನಿಂದ ಹೊರಗೆ ಓಡುತ್ತೆ. ಸರಿಯಾದ ಅಳತೆಯ ಚೇಂಬರ್ ಇದ್ರೆ ಒತ್ತಡದ ಅಲೆ ವಾಪಸ್ ಬಂದು ಅದನ್ನ ಒಳಕ್ಕೆ ತಳ್ಳುತ್ತೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಈ ಅಲೆಯ ಲೆಕ್ಕದ ಮೇಲೇ ವರ್ಷಗಟ್ಟಲೆ ಕೂತಿದ್ದ. 1961ರಲ್ಲಿ ಅವನ ರೈಡರ್ ಅರ್ನ್ಸ್ಟ್ ಡೆಗ್ನರ್ ಆ ವಿದ್ಯೆ ಸಮೇತ ದೇಶ ಬಿಟ್ಟು ಸುಜುಕಿ ಸೇರಿದ. ಮರುವರ್ಷವೇ 50 ಸಿಸಿ ವಿಶ್ವ ಪಟ್ಟ ಸುಜುಕಿಗೆ.
ಒಬ್ಬ ದೇಶ ಬಿಟ್ಟು ಹೊತ್ಕೊಂಡು ಹೋದ ಲೆಕ್ಕವನ್ನ ನಾವು ಆಕ್ಸಾ ಬ್ಲೇಡಲ್ಲಿ ಕೊಯ್ದು ಹಾಕ್ತಿದೀವಿ. ಉಳಿಯೋದು ಶಬ್ದ ಮಾತ್ರ.

(4/8)
ಫಿಲ್ಟರ್ ತೆಗೆದು ಓಡಿಸೋ ವೀರರಿಗೆ ಒಂದು ಮಾತು. ಫೋರ್ ಸ್ಟ್ರೋಕಲ್ಲಿ ಗಾಳಿ ನೇರ ಸಿಲಿಂಡರಿಗೆ ಹೋಗುತ್ತೆ. ನಮ್ಮದರಲ್ಲಿ ಮೊದಲು ಕ್ರ್ಯಾಂಕ್‌ಕೇಸಿಗೆ. ಅಂದ್ರೆ ನಮ್ಮ ಕೆಂಪು ಧೂಳು ಕ್ರ್ಯಾಂಕ್ ಬೇರಿಂಗು, ಕನೆಕ್ಟಿಂಗ್ ರಾಡಿನ ಬೇರಿಂಗು ಎಲ್ಲವನ್ನೂ ಉಜ್ಜಿ, ಆಮೇಲೆ ಪಿಸ್ಟನ್ ಉಜ್ಜುತ್ತೆ. ಮಣ್ಣಲ್ಲಿ ಓಡಿಸೋ ಗಾಡಿಗೆ ಆಯಿಲ್ ಹಚ್ಚಿದ ಫೋಮ್ ಫಿಲ್ಟರ್ ಬೇಕೇ ಬೇಕು.

(5/8)
"ಸೇಫ್ಟಿಗೆ ಆಯಿಲ್ ಜಾಸ್ತಿ ಹಾಕಿದೀನಿ" ಅನ್ನೋರೂ ಇದಾರೆ. ಅದೇ ಜೆಟ್ಟಿನಲ್ಲಿ ಆಯಿಲ್ ಜಾಸ್ತಿ ಹೋದ್ರೆ ಪೆಟ್ರೋಲ್ ಕಮ್ಮಿ ಹೋಗುತ್ತೆ, ಮಿಕ್ಸ್ಚರ್ ಲೀನ್ ಆಗುತ್ತೆ. ಆಯಿಲ್ ಅನುಪಾತ ಬದಲಾಯಿಸಿದ್ರೆ ಜೆಟ್ಟಿಂಗೂ ಮತ್ತೆ ನೋಡ್ಬೇಕು.
40ಕ್ಕೆ 1 ಅಂದ್ರೆ ಲೀಟರಿಗೆ 25 ಮಿಲಿ, 5 ಲೀಟರಿಗೆ 125. ಬಾಟಲಿ ಮುಚ್ಚಳದ ಅಂದಾಜು ಬೇಡ. ಕೆಮ್ಮಿನ ಸಿರಪ್ ಜೊತೆ ಬರೋ ಅಳತೆ ಕಪ್ಪು ಆದ್ರೂ ಇಟ್ಕೊಳ್ಳಿ.

(6/8)
ನಮ್ಮ ಗಾಡಿಯ ನಿಜವಾದ ರೋಗ ಬಿಚ್ಚಿದ ಮೇಲೆ ಗೊತ್ತಾಯ್ತು. ಮ್ಯಾಗ್ನೆಟ್ ಸೈಡ್ ಆಯಿಲ್ ಸೀಲ್ ಒಣಗಿ ಕಲ್ಲಾಗಿತ್ತು, ಅಲ್ಲಿಂದ ಗಾಳಿ ಎಳ್ಕೊಳ್ತಿತ್ತು. ಎರಡು ವಾರದಿಂದ ರೇಸ್ ಬಿಟ್ರೂ ಐಡ್ಲಿಂಗ್ ಕೆಳಗೆ ಇಳೀತಿರಲಿಲ್ಲ. ಗಾಡಿ "ನಾನು ಸಾಯ್ತಿದೀನಿ" ಅಂತ ಕೂಗ್ತಿತ್ತು. ನಾವು ಅದನ್ನ ವಿಡಿಯೋ ಮಾಡಿ ಸ್ಟೇಟಸ್ ಹಾಕಿದ್ವಿ.
ಟೆಸ್ಟ್ ಮಾಡೋದು ಸುಲಭ. ಡಾಕ್ಟರ ಬಿಪಿ ಮೀಟರಿನ ಬಲ್ಬು ಮತ್ತು ಡಯಲ್ ತಗೊಳ್ಳಿ. ಕಾರ್ಬ್ಯುರೇಟರ್ ಬಿಚ್ಚಿ, ಎಕ್ಸಾಸ್ಟ್ ಪೋರ್ಟಿಗೆ ರಬ್ಬರ್ ಇಟ್ಟು ಬಿಗೀರಿ. ಪಿಸ್ಟನ್ ಕೆಳಗಿರಲಿ, ಪ್ಲಗ್ ಹಾಕಿರಲಿ. ಇನ್‌ಟೇಕ್ ಬಾಯಿಗೆ ಬಿರಡೆ ಹಾಕಿ, ಅದರಲ್ಲಿ ಪೈಪ್ ತೂರಿಸಿ 300ರ ತನಕ ಗಾಳಿ ಒತ್ತಿ. ಅದು 6 ಪಿಎಸ್‌ಐಗಿಂತ ಚೂರು ಕಮ್ಮಿ, ಅಷ್ಟು ಸಾಕು. ಜಾಸ್ತಿ ಒತ್ತಿದ್ರೆ ಒಳ್ಳೇ ಸೀಲೂ ಹಾಳಾಗುತ್ತೆ.
ಐದಾರು ನಿಮಿಷ ಮುಳ್ಳು ನಿಂತಲ್ಲೇ ನಿಂತ್ರೆ ಸರಿ. ಇಳಿದ್ರೆ ಸೋಪ್ ನೀರು ಹಚ್ಚಿ, ಗುಳ್ಳೆ ಬಂದ ಕಡೆ ಲೀಕ್. ಗೇರ್ ಆಯಿಲ್ ಕಮ್ಮಿಯಾಗಿ ಬಿಳಿ ಹೊಗೆ ಬರ್ತಿದ್ರೆ ಕ್ಲಚ್ ಸೈಡ್ ಸೀಲ್ ಮೇಲೆ ಅನುಮಾನ ಪಡಿ.
ಇದಾದ ಮೇಲೇ ಜೆಟ್ಟು. ಲೀಕ್ ಇರೋ ಎಂಜಿನ್ನಿಗೆ ಜೆಟ್ ಹುಡುಕೋದು ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ.

(7/8)
"ನಮ್ಮ ಮೇಸ್ತ್ರಿ ಯಾವ ಮೀಟರ್ ಇಲ್ಲದೆ ಕಿವೀಲೇ ಟ್ಯೂನ್ ಮಾಡ್ತಾರೆ" ಅಂತೀರಾ? ನಿಜ. ನಾನೂ ಅಂಥವರ ಕೈ ಕೆಳಗೇ ಸ್ಪ್ಯಾನರ್ ಹಿಡಿದಿದ್ದು. ಆದರೆ ಗಮನಿಸಿ. ಅವರು ಕಿವಿ ಕೊಟ್ಟ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡ್ತಾರೆ, ಹೆಡ್ ಇಳಿಸಿದ್ರೆ ಸೋಲ್ಡರ್ ತಂತಿ ಒಳಗೆ ಬಿಟ್ಟು ಪಿಸ್ಟನ್ನಿಗೂ ಹೆಡ್ಡಿಗೂ ಎಷ್ಟು ಸಂದು ಉಳೀತು ಅಂತ ನೋಡ್ತಾರೆ. ಅದೂ ಅಳತೆಯೇ. 30 ವರ್ಷ ಅಳೆದು ಅಳೆದು ಆ ಕಿವಿ ತಯಾರಾಗಿದೆ. ನಮ್ಮ ಕಿವಿಗೆ ಇನ್ನೂ ಇಯರ್‌ಫೋನಿನ ಅಭ್ಯಾಸ ಮಾತ್ರ.

(8/8)
ಮೈಸೂರಲ್ಲಿ ಯೆಜ್ಡಿ ಮಾಡ್ತಿದ್ದ ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು. ಆರ್‌ಎಕ್ಸ್ 100 ನಿಂತಿದ್ದೂ ಅದೇ ವರ್ಷ. ಇರೋದಿಷ್ಟೇ ಕಣ್ರೋ. 50 ಎಂಎಂ ಬೋರು, ಒಂದೊಂದು ರೀಬೋರಿಗೂ 0.25 ಎಂಎಂ ಹೋಗುತ್ತೆ. ನಾಲ್ಕು ಸಲ ಸೀಜ್ ಮಾಡಿದ್ರೆ ಬ್ಲಾಕಿನ ಕತೆ ಮುಗೀತು.
ಬ್ಲಾಕಿಗಾದ್ರೂ ಹೊಸ ಸ್ಲೀವ್ ಹಾಕಬಹುದು. ನನ್ನ ಗೆಳೆಯ ಸೆಮಿಸ್ಟರ್ ಪರೀಕ್ಷೆಯಲ್ಲಿ ಬಲಗೈ ಎತ್ತೋಕಾಗದೆ ಇನ್ನೊಬ್ಬರ ಕೈಯಲ್ಲಿ ಬರೆಸಿದ. ಅವನ ಅಮ್ಮ ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.
ಗಾಡಿ ಕಟ್ಟಿ. ಖಂಡಿತ ಕಟ್ಟಿ, ಟ್ರ್ಯಾಕಲ್ಲಿ ಓಡಿಸಿ, ಹೆಲ್ಮೆಟ್ ಹಾಕಿ. ಆದರೆ ಈ ವಾರ ಸೌಂಡ್ ಹಾಕೋ ಬದಲು ನಿಮ್ಮ ಲೀಕ್ ಟೆಸ್ಟ್ ಡಯಲ್ ಫೋಟೋ ಹಾಕಿ ಟ್ಯಾಗ್ ಮಾಡಿ. ಮುಳ್ಳು ಇಳಿದ್ರೂ ಹಾಕಿ, ನಾಚಿಕೆ ಬೇಡ. ಬಲ್ಬು ನನ್ನ ಹತ್ರ ಇದೆ, ಬೇಕಾದವರು ಕ್ಲಾಸಲ್ಲಿ ಕೇಳಿ ತಗೊಂಡು ಹೋಗಿ.

#ಟೂಸ್ಟ್ರೋಕ್ #ಆರ್‌ಎಕ್ಸ್100 #ಮೊದಲುಅಳತೆ #ಗ್ಯಾರೇಜ್‌ಮಾತು