ಧ್ವನಿಶಂಕುಗಳೂ ಅವುಗಳ ಅಭಿಮಾನಿಗಳೂ



ಈ ತಿಂಗಳು ಬಂದ ಪತ್ರಗಳಲ್ಲಿ ಗೃಹಸ್ಥರೊಬ್ಬರ ಪತ್ರವು ವಿಚಾರಕ್ಕೆ ಯೋಗ್ಯವಾಗಿರುವುದು. ಅವರ ಚಿರಂಜೀವಿಯು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವನು, ದುರಭ್ಯಾಸವೊಂದೂ ಇಲ್ಲ, ಆದರೆ ಸಂಬಳದಲ್ಲಿ ದೊಡ್ಡದೊಂದು ಪಾಲನ್ನು ಧ್ವನಿವರ್ಧಕದ ‘ಡ್ರೈವರ್’ಗಳೆಂಬ ವಸ್ತುಗಳಿಗೆ ಸುರಿಯುತ್ತಿರುವನು. ಒಂದನ್ನು ತರಿಸುವನು, ಕೆಲವು ದಿನ ಕೇಳುವನು, ಮಾರಿ ಇನ್ನೊಂದನ್ನು ತರಿಸುವನು. “ನನ್ನ ಕಿವಿಗೆ ಇವೆಲ್ಲವೂ ಒಂದೇ, ಅವನು ಮಾತ್ರ ಹಗಲಿಗೂ ಇರುಳಿಗೂ ಇರುವಷ್ಟು ಅಂತರವಿದೆಯೆನ್ನುತ್ತಾನೆ. ಇದು ವಿದ್ಯೆಯೋ ವ್ಯಸನವೋ? ಇದರ ದೆಸೆಯಿಂದ ನಮ್ಮಿಬ್ಬರಲ್ಲಿ ಮಾತೇ ನಿಂತುಹೋಗಿದೆ” ಎಂದು ಅವರು ಬರೆದಿರುವರು. ತಂದೆಮಕ್ಕಳ ಮಾತು ನಿಲ್ಲುವುದೆಂದರೆ ಅಲ್ಪವಾದ ಸಂಗತಿಯಲ್ಲ. ಆದಕಾರಣ ತೀರ್ಪಿಗೆ ಮುಂಚೆ ವಸ್ತುವನ್ನೇ ಸಾವಧಾನವಾಗಿ ಪರೀಕ್ಷಿಸೋಣ.

ಡ್ರೈವರೆಂದರೆ ಇಲ್ಲಿ ಬಂಡಿ ಹೊಡೆಯುವವನಲ್ಲ. ನಾವು ಸ್ಪೀಕರೆಂದು ಕರೆಯುವ ಮರದ ಪೆಟ್ಟಿಗೆಯ ಮುಖದಲ್ಲಿ ದುಂಡಗೆ ಕಾಣುವುದಲ್ಲವೆ, ಆ ಧ್ವನಿಘಟಕಕ್ಕೆ ಈ ಹೆಸರು. ಅದರ ಹಿಂಬದಿಯಲ್ಲಿ ಬಲವಾದ ಅಯಸ್ಕಾಂತವಿರುವುದು. ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ಎತ್ತಲೂ ತಗಲದಂತೆ ತಂತಿಯ ಸುರುಳಿಯೊಂದು ನಿಂತಿರುವುದು. ಸುರುಳಿಗೆ ಕಾಗದದ ಶಂಕುವನ್ನು ಅಂಟಿಸಿರುವರು. ಹಾಡಿನ ಏರಿಳಿತಗಳನ್ನು ಹೊತ್ತ ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಅದು ಹಿಂದುಮುಂದಕ್ಕೆ ಚಲಿಸುವುದು, ಶಂಕುವು ಗಾಳಿಯನ್ನು ನೂಕುವುದು, ಅದು ನಮಗೆ ನಾದವಾಗಿ ಕೇಳುವುದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬ ಇಬ್ಬರು ಈ ರಚನೆಯನ್ನು ೧೯೨೫ರಲ್ಲಿ ವಿವರವಾಗಿ ಪ್ರಕಟಿಸಿದರು. ಶತಮಾನವೊಂದು ಸಂದರೂ ಮೂಲರಚನೆಯು ಬಹುಮಟ್ಟಿಗೆ ಹಾಗೆಯೇ ಉಳಿದಿರುವುದು.

ಇಷ್ಟು ಸರಳವಾದ ಯಂತ್ರದಲ್ಲಿ ಇಷ್ಟೊಂದು ಪಂಥಗಳೇತಕ್ಕೆ? ಕಾರಣವು ನಾದದ ಸ್ವಭಾವದಲ್ಲಿಯೇ ಇರುವುದು. ಎಳೆಯ ಕಿವಿಯು ಸೆಕೆಂಡಿಗೆ ೨೦ ಕಂಪನಗಳಿಂದ ೨೦,೦೦೦ ಕಂಪನಗಳವರೆಗೆ ಗ್ರಹಿಸಬಲ್ಲುದು. ಅತಿ ಮಂದ್ರದ ಅಲೆಯ ಉದ್ದವು ಸುಮಾರು ೧೭ ಮೀಟರುಗಳು; ಅತಿ ತಾರದ ಅಲೆಯದು ಸುಮಾರು ೧.೭ ಸೆಂಟಿಮೀಟರು ಮಾತ್ರ. ಶಬ್ದವು ಹರಡುವ ಬಗೆಯನ್ನು ವಿಚಾರಿಸಿದ ನಮ್ಮ ನೈಯಾಯಿಕರು ಎರಡು ದೃಷ್ಟಾಂತಗಳನ್ನು ಕೊಟ್ಟಿರುವರು: ಅಲೆಯಿಂದ ಅಲೆಯು ಹುಟ್ಟುವಂತೆ ಎಂಬ ವೀಚೀತರಂಗನ್ಯಾಯವೊಂದು, ಕದಂಬದ ಮೊಗ್ಗು ಎಲ್ಲ ದಿಕ್ಕುಗಳಿಗೂ ಒಮ್ಮೆಲೇ ಅರಳುವಂತೆ ಎಂಬ ಕದಂಬಮುಕುಲನ್ಯಾಯವೊಂದು. ಶಂಕುವಿನಿಂದ ಹೊರಟ ಮಂದ್ರಧ್ವನಿಯು ಕದಂಬದಂತೆಯೇ ಸುತ್ತಲೂ ಹರಡುವುದು. ತಾರಧ್ವನಿಯಾದರೋ ದೊಡ್ಡ ಶಂಕುವಿನಿಂದ ಹೊರಟರೆ ಟಾರ್ಚಿನ ಬೆಳಕಿನಂತೆ ನೇರವಾಗಿ ಮುಂದಕ್ಕೆ ಮಾತ್ರ ಹೋಗುವುದು. ಮಂದ್ರಕ್ಕೆ ಬಹಳ ಗಾಳಿಯನ್ನು ನೂಕಬಲ್ಲ ಹಿರಿದಾದ ಶಂಕು ಬೇಕು. ತಾರಕ್ಕೆ ಹಗುರವೂ ಕಿರಿದೂ ಆದದ್ದು ಬೇಕು. ಇವೆರಡನ್ನೂ ಒಂದೆಡೆ ಕೂಡಿಸುವುದು ಹೇಗೆಂಬ ಪ್ರಶ್ನೆಯಿಂದಲೇ ಪಂಥಗಳೆಲ್ಲ ಹುಟ್ಟಿದುವು.

ವಿನೋದಕ್ಕಾಗಿ ಇವನ್ನು ಅದ್ವೈತ, ವಿಶಿಷ್ಟಾದ್ವೈತ, ದ್ವೈತಗಳೆಂದು ಕರೆದರೆ ವಾಚಕರು ಕ್ಷಮಿಸುವರೆಂದು ನಂಬಿರುವೆನು.

ಅದ್ವೈತಿಗಳು ಒಂದೇ ಶಂಕುವೇ ಸಮಸ್ತ ನಾದವನ್ನೂ ಹೊರಡಿಸತಕ್ಕದ್ದೆನ್ನುವರು. ಗಾಯಕನ ಕಂಠವು ಒಂದು. ಅದನ್ನು ನಡುವೆ ಕೊಯ್ದು ಎರಡು ಯಂತ್ರಗಳಿಗೆ ಹಂಚುವುದು ಅಪಚಾರವೆಂಬುದು ಅವರ ವಾದ. ಇಂಗ್ಲೆಂಡಿನ ಪಾಲ್ ವಾಯ್ಟ್ ಎಂಬ ಎಂಜಿನಿಯರು ಹಾಕಿದ ತಳಹದಿಯ ಮೇಲೆ ಬೆಳೆದ ಲೌದರ್ ಘಟಕಗಳು ಇವರಿಗೆ ಪರಮಪ್ರಿಯವಾದುವು. ದೊಡ್ಡ ಶಂಕುವಿನ ನಡುವೆ ಹೂವಿನೊಳಗಣ ಹೂವಿನಂತೆ ಪುಟ್ಟ ಶಂಕುವೊಂದಿದ್ದು ಅದು ತಾರವನ್ನು ಎತ್ತಿಕೊಡುವುದು. ಇಂತಹುದೇ ಎರಡು ಶಂಕುಗಳುಳ್ಳ ಫಿಲಿಪ್ಸ್ ೯೭೧೦ ಎಂಬುದನ್ನೂ, ಸುಮಾರು ೧೦ ಸೆಂಟಿಮೀಟರ್ ಅಳತೆಯ ಜಪಾನಿನ ಫಾಸ್ಟೆಕ್ಸ್ ಎಫ್ಇ೧೦೩ ಎಂಬ ಪುಟ್ಟ ಘಟಕವನ್ನೂ ಮನೆಯಲ್ಲಿ ಪೆಟ್ಟಿಗೆ ಕಟ್ಟುವವರು ಮಮತೆಯಿಂದ ನೆನೆಯುವರು. ಇವುಗಳ ಗುಣವು ಸ್ಫುಟತೆ; ಕೊರತೆಯೆಂದರೆ ಮೃದಂಗದ ಎಡಗಡೆಯ ಗಾಂಭೀರ್ಯವು ಪೂರ್ಣವಾಗಿ ಬಾರದು, ತಾರದಲ್ಲಿ ಕೆಲವೆಡೆ ಕರ್ಕಶವಾಗುವುದು.

ವಿಶಿಷ್ಟಾದ್ವೈತಿಗಳು ಎರಡು ಘಟಕಗಳನ್ನು ಒಪ್ಪುವರು, ಆದರೆ ಕೇಂದ್ರವು ಒಂದೇ ಇರಬೇಕೆನ್ನುವರು. ದೊಡ್ಡ ಶಂಕುವಿನ ಮಧ್ಯದಿಂದಲೇ ತಾರದ ಕಹಳೆಯು ಹೊರಡುವುದು. ನಾದವೆಲ್ಲವೂ ಒಂದೇ ಬಿಂದುವಿನಿಂದ ಬಂದಂತೆ ತೋರುವುದು. ಅಮೆರಿಕದ ಆಲ್ಟೆಕ್ ಲ್ಯಾನ್ಸಿಂಗ್ ಸಂಸ್ಥೆಯ ೬೦೪ ಎಂಬ ೧೫ ಅಂಗುಲದ ಘಟಕವೂ, ಇಂಗ್ಲೆಂಡಿನ ಟ್ಯಾನಾಯ್ ಸಂಸ್ಥೆಯು ೧೯೪೭ರಲ್ಲಿ ಹೊರತಂದ ‘ಡ್ಯುಯಲ್ ಕಾನ್ಸೆಂಟ್ರಿಕ್’ ಘಟಕವೂ ಈ ಪಂಥದ ಆಚಾರ್ಯಸ್ಥಾನದಲ್ಲಿರುವುವು. ಅನೇಕ ಧ್ವನಿಮುದ್ರಣಶಾಲೆಗಳಲ್ಲಿ ಇವುಗಳ ಮುಂದೆ ಕುಳಿತೇ ಸಂಗೀತವನ್ನು ತೂಗಿ ನೋಡುತ್ತಿದ್ದರು. ಹಳೆಯ ಜೊತೆಯೊಂದಕ್ಕಾಗಿ ಇಂದಿಗೂ ಖಂಡಾಂತರಗಳಿಗೆ ಪತ್ರ ಬರೆಯುವವರುಂಟು.

ದ್ವೈತಿಗಳು ಮಂದ್ರಕ್ಕೊಂದು, ತಾರಕ್ಕೊಂದು ಎಂದು ಘಟಕಗಳನ್ನು ಸ್ಪಷ್ಟವಾಗಿ ಬೇರೆಯಿಡುವರು. ಇಂದು ಮನೆಗಳಲ್ಲಿರುವ ಪೆಟ್ಟಿಗೆಗಳಲ್ಲಿ ಬಹುಪಾಲು ಈ ಮತದವೇ. ಇಂಗ್ಲೆಂಡಿನ ಕೆಇಎಫ್ ಸಂಸ್ಥೆಯನ್ನು ೧೯೬೧ರಲ್ಲಿ ರೇಮಂಡ್ ಕುಕ್ ಎಂಬವರು ಸ್ಥಾಪಿಸಿದರು. ಅದರ ಬಿ೧೧೦ ಮತ್ತು ಟಿ೨೭ ಎಂಬ ಘಟಕಗಳನ್ನು ಬಿಬಿಸಿ ರೇಡಿಯೋ ಸಂಸ್ಥೆಯ ಎಂಜಿನಿಯರುಗಳು ಆರಿಸಿಕೊಂಡು, ಸಂಚಾರಿ ವಾಹನಗಳಲ್ಲಿ ಬಳಸಲು ಎಲ್ಎಸ್೩/೫ಎ ಎಂಬ ಪುಟ್ಟ ಪೆಟ್ಟಿಗೆಯನ್ನು ನಿರ್ಮಿಸಿದರು. ಎತ್ತರದಲ್ಲಿ ಒಂದು ಅಡಿಯಷ್ಟಿರುವ ಈ ಪೆಟ್ಟಿಗೆಯು ಮನುಷ್ಯಕಂಠವನ್ನು ನುಡಿಸುವ ಸಹಜತೆಯಿಂದ ಲೋಕಪ್ರಸಿದ್ಧವಾಯಿತು. ಕಾಗದವು ತಯಾರಿಕೆಯಿಂದ ತಯಾರಿಕೆಗೆ ವ್ಯತ್ಯಾಸವಾಗುವುದೆಂದು ಇದರ ಶಂಕುವನ್ನು ಬೆಕ್ಸ್‌ಟ್ರೀನೆಂಬ ಪ್ಲಾಸ್ಟಿಕಿನಿಂದ ಮಾಡಿದ್ದರು. ಈಚಿನವರು ಡೆನ್ಮಾರ್ಕಿನ ಸ್ಕ್ಯಾನ್‌ಸ್ಪೀಕ್ ಘಟಕಗಳನ್ನೂ ನಾರ್ವೆಯ ಸಿಯಾಸ್ ಘಟಕಗಳನ್ನೂ ಕೊಂಡಾಡುವರು. ಮೊದಲನೆಯವರ ಒಂದು ಶ್ರೇಣಿಯಲ್ಲಿ ಕಾಗದದ ಶಂಕುವನ್ನು ಅಲ್ಲಲ್ಲಿ ಸೀಳಿ, ಸೀಳನ್ನು ಅಂಟಿನಿಂದ ತುಂಬಿ, ಅನಗತ್ಯವಾದ ಕಂಪನವನ್ನು ಅಡಗಿಸಿರುವರು. ಎರಡನೆಯವರು ಒಂದು ಶ್ರೇಣಿಗೆ ಮೆಗ್ನೀಸಿಯಂ ಲೋಹದ ಶಂಕುವನ್ನು ಬಳಸಿರುವರು. ಲೋಹವು ಬಾಗದೆ ಚಲಿಸುವುದು, ಅದು ಗುಣ. ಆದರೆ ತನ್ನ ಎಲ್ಲೆಯನ್ನು ಮೀರಿದೊಡನೆ ಕಂಚಿನ ತಟ್ಟೆಯಂತೆ ಮೊಳಗುವುದು, ಅದನ್ನು ವಿದ್ಯುನ್ಮಂಡಲದಿಂದ ತಡೆಯಬೇಕು.

ಅಭಿಮಾನವು ಎಲ್ಲಿ ಯುಕ್ತಿಯನ್ನು ಮೀರುವುದೆಂಬುದಕ್ಕೆ ಅಯಸ್ಕಾಂತದ ಕಥೆಯು ನಿದರ್ಶನವಾಗಿರುವುದು. ಹಳೆಯ ಘಟಕಗಳಲ್ಲಿ ಅಲ್ನಿಕೋ ಎಂಬ ಮಿಶ್ರಲೋಹವನ್ನು ಬಳಸುತ್ತಿದ್ದರು. ಅದರಲ್ಲಿ ಕೋಬಾಲ್ಟ್ ಸೇರಿರುವುದು. ೧೯೭೮ರಲ್ಲಿ ಆಗಿನ ಝಾಯಿರ್ ದೇಶದ ಶಾಬಾ ಪ್ರಾಂತದಲ್ಲಿ ಕದನವಾಗಿ ಕೋಬಾಲ್ಟಿನ ಬೆಲೆಯು ವಿಪರೀತವಾಗಿ ಏರಲು, ತಯಾರಕರು ಅನೇಕರು ಅಗ್ಗವಾದ ಫೆರೈಟಿಗೆ ತಿರುಗಿದರು. ಅಲ್ನಿಕೋ ದುರ್ಲಭವಾಯಿತು, ದುರ್ಲಭವಾದ್ದರಿಂದ ಅದಕ್ಕೆ ಪೂಜ್ಯತೆಯು ಹೆಚ್ಚಿತು. ಹಳೆಯ ಅಯಸ್ಕಾಂತದಲ್ಲಿ ಗುಣವಿಲ್ಲವೆಂದು ನಾನು ಹೇಳೆನು; ಆದರೆ ಅದು ಮರೆಯಾದುದು ಹಣದ ಕಾರಣದಿಂದಲೇ ಹೊರತು ನಾದದ ಕಾರಣದಿಂದಲ್ಲ, ಈಗ ಅದಕ್ಕೆ ತೆರುವ ಬೆಲೆಯೆಲ್ಲವೂ ನಾದದ ಬೆಲೆಯಲ್ಲ.

ಈಗ ಪತ್ರ ಬರೆದ ಮಹಾಶಯರು ವಿಶೇಷವಾಗಿ ಗಮನಿಸತಕ್ಕ ಅಂಶಕ್ಕೆ ಬರುವೆನು. ಘಟಕವು ಎಷ್ಟೇ ಉತ್ತಮವಾದರೂ ಅದಕ್ಕೆ ತಕ್ಕ ಪೆಟ್ಟಿಗೆಯಿಲ್ಲದಿದ್ದರೆ ವ್ಯರ್ಥ. ಹಿಂದೆ ಪೆಟ್ಟಿಗೆಯ ಅಳತೆಯು ಬಹುಮಟ್ಟಿಗೆ ಅನುಭವದ, ಊಹೆಯ ವಿಷಯವಾಗಿತ್ತು. ಆಸ್ಟ್ರೇಲಿಯದ ನೆವಿಲ್ ಥೀಲ್ ಎಂಬವರು ೧೯೬೧ರಲ್ಲಿ ಬರೆದ ಲೇಖನವು ೧೯೭೧ರಲ್ಲಿ ಅಮೆರಿಕದಲ್ಲಿ ಪುನರ್ಮುದ್ರಿತವಾಗಿ ಲೋಕದ ಕಣ್ಣಿಗೆ ಬಿದ್ದಿತು. ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿದ್ದ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು. ಅಂದಿನಿಂದ ಘಟಕದ ಶೀಲವನ್ನು ಮುಖ್ಯವಾಗಿ ಮೂರು ಅಂಕಗಳಲ್ಲಿ ಹೇಳಬಹುದಾಯಿತು: ಅದು ತಾನಾಗಿ ಕಂಪಿಸುವ ಸಂಖ್ಯೆಯು ಒಂದು, ಆ ಕಂಪನವು ಎಷ್ಟು ಬೇಗ ಅಡಗುವುದೆಂಬುದು ಎರಡು, ಅದರ ತೂಗುಪಟ್ಟಿಯ ಬಿಗುಪಿಗೆ ಸಮನಾದ ಗಾಳಿಯ ಗಾತ್ರವು ಮೂರು.

ನಿದರ್ಶನಕ್ಕೆ ಈ ಅಂಕಗಳು ಕ್ರಮವಾಗಿ ೩೦, ೦.೩೫ ಮತ್ತು ೩೦ ಲೀಟರ್ ಎಂದಿಟ್ಟುಕೊಳ್ಳೋಣ. ಇದನ್ನು ೧೦ ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿರಿ. ೩೦ನ್ನು ೧೦ರಿಂದ ಭಾಗಿಸಿದರೆ ೩. ಒಂದನ್ನು ಕೂಡಿಸಿದರೆ ೪. ಅದರ ವರ್ಗಮೂಲ ೨. ಮೊದಲಿನ ಎರಡು ಅಂಕಗಳನ್ನು ಈ ಎರಡರಿಂದ ಗುಣಿಸಿರಿ: ೬೦, ೦.೭೦. ಎರಡನೆಯದು ೦.೭ರ ಬಳಿಯಿದ್ದರೆ ಮಂದ್ರವು ಹದವಾಗಿ ಬರುವುದು. ಅದೇ ಘಟಕವನ್ನು ಅಂದವಾಗಿದೆಯೆಂದು ಮೂರೂಮುಕ್ಕಾಲು ಲೀಟರಿನ ಪೆಟ್ಟಿಗೆಯಲ್ಲಿ ತುರುಕಿದರೆ ವರ್ಗಮೂಲವು ೩ ಆಗುವುದು. ಅಂಕಗಳು ೯೦, ೧.೦೫ ಆಗುವುವು, ಮಂದ್ರವು ಖಾಲಿ ಹಂಡೆಯೊಳಗಿನ ಕೂಗಿನಂತೆ ಗುಮ್ಮೆನ್ನುವುದು. ಪ್ರೌಢಶಾಲೆಯ ಗಣಿತವು ಸಾಕಾದ ಈ ಲೆಕ್ಕವನ್ನು ಮಾಡದೆ, ಕೀರ್ತಿಯನ್ನು ಕೇಳಿ ಘಟಕವನ್ನು ತರಿಸುವವರು ತಿಂಗಳಿಗೊಂದರಂತೆ ಮಾರುತ್ತಲೇ ಇರುವರು.

ಶಕ್ತಿಯ ಲೆಕ್ಕವೂ ಹೀಗೆಯೇ. ಒಂದು ವ್ಯಾಟಿಗೆ ೯೭ ಡೆಸಿಬೆಲ್ ಕೊಡುವ ಘಟಕವುಂಟು, ೮೨ ಕೊಡುವುದೂ ಉಂಟು. ಮೂರು ಡೆಸಿಬೆಲ್ಲಿಗೆ ಶಕ್ತಿಯು ಇಮ್ಮಡಿ. ಹದಿನೈದಕ್ಕೆ ಐದು ಸಲ ಇಮ್ಮಡಿ, ಅಂದರೆ ೩೨ ಪಟ್ಟು. ಆದುದರಿಂದ ಮನೆಯಲ್ಲಿರುವ ಆಂಪ್ಲಿಫೈಯರನ್ನು ನೋಡಿಯೇ ಘಟಕವನ್ನು ಆರಿಸತಕ್ಕದ್ದು. ಹಳೆಯದನ್ನು ಕೊಳ್ಳುವವರು ಶಂಕುವಿನ ಅಂಚನ್ನು ಮುಟ್ಟಿ ನೋಡಬೇಕು. ಫೋಮಿನ ಅಂಚು ವರ್ಷಗಳು ಕಳೆದಂತೆ ಪುಡಿಯಾಗುವುದು.

ಇದು ಪರದೇಶದ ಹುಚ್ಚೆಂದು ತಳ್ಳುವವರಿಗೆ ಒಂದು ಮಾತು. ಲಂಡನ್ನಿನ ಧ್ವನಿಮುದ್ರಣಕಾರ ವಾಲ್ಟರ್ ಲೆಗ್ ಎಂಬವರು ಮೈಸೂರಿಗೆ ಬಂದಿದ್ದಾಗ, ಮಹಾರಾಜ ಶ್ರೀ ಜಯಚಾಮರಾಜ ಒಡೆಯರವರ ಅರಮನೆಯಲ್ಲಿ ಪಾಶ್ಚಾತ್ಯಸಂಗೀತದ ತಟ್ಟೆಗಳ ಮಹಾಭಂಡಾರವನ್ನೂ ಬಗೆಬಗೆಯ ಧ್ವನಿವರ್ಧಕಗಳನ್ನೂ ಕಂಡು ಬೆರಗಾದುದನ್ನು ಬರೆದಿಟ್ಟಿರುವರು. ಪ್ರಭುಗಳಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಮೆಟ್ನರ್ ಎಂಬ ರಷ್ಯದ ಸಂಗೀತಕಾರರ ಕೃತಿಗಳು ತಟ್ಟೆಗಳಲ್ಲಿ ಉಳಿದುದು ಅವರ ದ್ರವ್ಯಸಹಾಯದಿಂದಲೇ. ಚೆನ್ನಾಗಿ ಕೇಳಬೇಕೆಂಬ ಹಂಬಲವು ಇಲ್ಲಿ ಇನ್ನೊಬ್ಬರ ವಿದ್ಯೆಯನ್ನು ಕಾಪಾಡುವಷ್ಟು ದೂರ ಹೋಯಿತು.

ಇನ್ನು ತಂದೆಗೆ ಒಂದಾಗಿಯೂ ಮಗನಿಗೆ ಬೇರೆಬೇರೆಯಾಗಿಯೂ ಕೇಳುವುದೇಕೆಂಬ ಪ್ರಶ್ನೆ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಅತಿ ತಾರದ ಧ್ವನಿಗಳನ್ನು. ನನ್ನಂತೆ ಅರವತ್ತರ ಆಸುಪಾಸಿನವರಿಗೆ ಮೇಲಿನ ಕಂಪನಗಳು ಬಹಳಮಟ್ಟಿಗೆ ಇಲ್ಲದಂತೆಯೇ. ತಾಳದ ಕೊನೆಯ ಝೇಂಕಾರದಲ್ಲಿ ಮಗನು ಕೇಳುವುದನ್ನು ತಂದೆಯು ಕೇಳಲಾರನು. ಪ್ರತ್ಯಕ್ಷವೇ ಇಬ್ಬರಿಗೂ ಬೇರೆಯಾಗಿರುವಾಗ, ಒಬ್ಬನು ಸುಳ್ಳನೆಂದು ಇನ್ನೊಬ್ಬನು ಹೇಳುವುದು ನ್ಯಾಯವಲ್ಲ.

ಮಗನೂ ಒಂದನ್ನು ತಿಳಿಯಬೇಕು. ಕಣ್ಣು ಕಿವಿಯನ್ನು ಮೋಸಗೊಳಿಸುವುದು. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬವರು ೧೯೯೪ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕೇಳುಗರು ಧ್ವನಿವರ್ಧಕಗಳನ್ನು ಮರೆಯಲ್ಲಿಟ್ಟು ಕೇಳಿದಾಗ ಕೊಟ್ಟ ಅಂಕಗಳೂ ಕಣ್ಣಾರೆ ಕಂಡು ಕೇಳಿದಾಗ ಕೊಟ್ಟ ಅಂಕಗಳೂ ಬೇರೆಯಾದುವು. ಹೆಸರೂ ರೂಪವೂ ಬೆಲೆಯೂ ತೀರ್ಪಿನೊಳಗೆ ನುಸುಳಿದ್ದುವು.

ಆದಕಾರಣ ನನ್ನ ಸಲಹೆಯಿದು. ಹೊಸದೊಂದನ್ನು ತರಿಸುವ ಮುನ್ನ ಮಗನು ಅದರ ಮೂರು ಅಂಕಗಳನ್ನು ಬರೆದು, ಪೆಟ್ಟಿಗೆಯ ಲೆಕ್ಕವನ್ನು ತಂದೆಗೆ ತೋರಿಸಲಿ. ಪೆಟ್ಟಿಗೆಯನ್ನು ಊರಿನ ಬಡಗಿಯೊಡನೆ ಕುಳಿತು ತಾನೇ ಕಟ್ಟಲಿ. ಬಳಿಕ ತೆಳುವಾದ ಪರದೆಯೊಂದನ್ನು ಕಟ್ಟಿ, ಹಳೆಯದನ್ನೂ ಹೊಸದನ್ನೂ ಅದರ ಹಿಂದಿಟ್ಟು, ಎರಡರ ಗಟ್ಟಿತನವನ್ನೂ ಸಮಮಾಡಿ, ಮನೆಯವರಿಗೆಲ್ಲ ಬಳಕೆಯಾದ ಕಂಠವೊಂದನ್ನು ನುಡಿಸಲಿ. ಬದಲಾಯಿಸುವ ಕೆಲಸವು ತಾಯಿಯ ಕೈಯಲ್ಲಿರಲಿ. ಹತ್ತು ಸಲದಲ್ಲಿ ಒಂಬತ್ತು ಸಲ ಮಗನು ಸರಿಯಾಗಿ ಗುರುತಿಸಿದರೆ ತಂದೆಯು ಒಪ್ಪಬೇಕು. ಐದಾರು ಸಲ ಮಾತ್ರವಾದರೆ ಮಗನು ಆ ತಿಂಗಳ ಹಣವನ್ನು ಉಳಿಸಬೇಕು. ಕಾರಣವನ್ನು ಹೇಳಬಲ್ಲುದು ವಿದ್ಯೆ. ಪರೀಕ್ಷೆಗೆ ಅಂಜುವುದು ವ್ಯಸನ. ಯಾವುದೆಂಬುದು ಆ ಸಂಜೆಯೇ ತಿಳಿದುಹೋಗುವುದು. ತಿಳಿಯದಿದ್ದರೂ ಚಿಂತೆಯಿಲ್ಲ, ತಂದೆಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತು ಒಂದೇ ಹಾಡಿಗೆ ಕಿವಿಗೊಟ್ಟಿರುವರಷ್ಟೆ.

ಫಲಿತಾಂಶವನ್ನು ಆ ಮಹಾಶಯರು ನಮಗೆ ಬರೆದು ತಿಳಿಸುವರೆಂದು ನಂಬಿರುವೆವು.