ಬಂದರಿನ ಗೇಟು ಯಾರನ್ನ ತಡೆಯುತ್ತೆ?



ಹಡಗು, ಬಂದರು ಅಂದ ಕೂಡಲೇ ‘ಅದು ನಮ್ಮ ವಿಷಯ ಅಲ್ಲ ಬಿಡ್ರಿ’ ಅನ್ನೋರು ನಮ್ಮಲ್ಲೇ ತುಂಬಾ ಜನ ಇದ್ದಾರೆ. ಆದರೆ ಎಲ್ಲಿ ಒಂದು ಗೇಟು ಇದೆಯೋ, ಯಾರು ಒಳಗೆ ಯಾರು ಹೊರಗೆ ಅಂತ ತೀರ್ಮಾನ ಮಾಡೋ ಒಂದು ಕಾಗದ ಇದೆಯೋ, ಅದು ನಮ್ಮ ವಿಷಯವೇ. ಗುಡಿಯ ಬಾಗಿಲು, ಬಾವಿಯ ಕಟ್ಟೆ, ಹೋಟೆಲಿನ ಲೋಟ ನೋಡಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ವಿಷಯಕ್ಕೆ ಬರ್ತೀನಿ. ಅಮೆರಿಕದ ಮೇಲೆ 2001ರ ಸೆಪ್ಟೆಂಬರ್ 11ರಂದು ದಾಳಿ ಆಯ್ತಲ್ಲ, ಅದಾದ ಮೇಲೆ ಹಡಗುಗಳ ಬಗ್ಗೆಯೂ ಭಯ ಶುರುವಾಯ್ತು. 2002ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಡಲ ಸಂಸ್ಥೆ ಲಂಡನ್ನಿನಲ್ಲಿ ಸಭೆ ಸೇರಿಸಿ ಒಂದು ಸಂಹಿತೆಗೆ ಒಪ್ಪಿಗೆ ಪಡೆಯಿತು. ಅದೇ ಐಎಸ್‌ಪಿಎಸ್ ಕೋಡ್. 2004ರ ಜುಲೈ 1ರಿಂದ ಜಾರಿಯಲ್ಲಿದೆ. ದೇಶದಿಂದ ದೇಶಕ್ಕೆ ಹೋಗುವ ಪ್ರಯಾಣಿಕರ ಹಡಗುಗಳಿಗೆ, 500 ಗ್ರಾಸ್ ಟನ್ ಮತ್ತು ಅದಕ್ಕಿಂತ ದೊಡ್ಡ ಸರಕು ಹಡಗುಗಳಿಗೆ, ಅವು ಬಂದು ನಿಲ್ಲುವ ಬಂದರುಗಳಿಗೆ ಅನ್ವಯ. ನಮ್ಮ ಪಣಂಬೂರಿನ ನವಮಂಗಳೂರು ಬಂದರೂ ಇದರೊಳಗೇ ಬರುತ್ತೆ.

ಹಡಗಿಗೊಬ್ಬ ಭದ್ರತಾ ಅಧಿಕಾರಿ, ಕಂಪನಿಗೊಬ್ಬ, ಬಂದರಿಗೊಬ್ಬ. ಅಪಾಯದ ಅಂದಾಜು, ಅದರ ಮೇಲೆ ಸರ್ಕಾರ ಒಪ್ಪಿದ ಭದ್ರತಾ ಯೋಜನೆ. ಮೂರು ಹಂತ: ಮಾಮೂಲಿ ದಿನಗಳಿಗೆ ಒಂದನೆಯದು, ಅಪಾಯ ಹೆಚ್ಚಿದರೆ ಎರಡನೆಯದು, ದಾಳಿ ತಲೆ ಮೇಲಿದೆ ಅನ್ನಿಸಿದರೆ ಮೂರನೆಯದು. ಇಷ್ಟರ ಬಗ್ಗೆ ನನಗೆ ತಕರಾರಿಲ್ಲ. ಬಾಂಬ್ ಸಿಡಿದರೆ ಮೊದಲು ಸಾಯೋದು ಅಲ್ಲಿ ಮೂಟೆ ಹೊರೋನು, ಗುಡಿಸೋಳು. ಅವರಿಗೂ ಭದ್ರತೆ ಬೇಕು.

ನನ್ನ ಪ್ರಶ್ನೆ ಇರೋದು ಈ ಕೋಡಿನಲ್ಲಿ ಯಾವ ಸಾಲನ್ನ ಓದ್ತಾರೆ, ಯಾವುದನ್ನ ಮಡಚಿ ಇಡ್ತಾರೆ ಅನ್ನೋದರ ಬಗ್ಗೆ.

ಗೇಟು ಹಾಕಿ, ಪಾಸು ನೋಡಿ, ತಪಾಸಣೆ ಮಾಡಿ ಅನ್ನೋದನ್ನ ಎಲ್ಲರೂ ಓದಿದ್ದಾರೆ. ಅದೇ ಕೋಡಿನ ಪೀಠಿಕೆಯಲ್ಲಿ ಇನ್ನೊಂದು ಮಾತಿದೆ: ಕಡಲ ಕಾರ್ಮಿಕರ ಮತ್ತು ನಿರಾಶ್ರಿತರ ಮೂಲಭೂತ ಹಕ್ಕುಗಳಿಗೆ ವಿರುದ್ಧವಾಗಿ ಇದನ್ನ ಅರ್ಥ ಮಾಡೋ ಹಾಗಿಲ್ಲ, ಜಾರಿ ಮಾಡೋ ಹಾಗಿಲ್ಲ. ಕಡ್ಡಾಯವಾದ ‘ಎ’ ಭಾಗದ 16ನೇ ಅಧ್ಯಾಯದಲ್ಲಿ, ಹಡಗಿನ ಸಿಬ್ಬಂದಿ ದಡಕ್ಕಿಳಿದು ಬರೋದಕ್ಕೆ, ಕಾರ್ಮಿಕ ಸಂಘಟನೆಯವರು ಹಡಗಿಗೆ ಹೋಗಿ ಅವರನ್ನ ಕಾಣೋದಕ್ಕೆ ಬಂದರಿನ ಯೋಜನೆಯಲ್ಲೇ ವ್ಯವಸ್ಥೆ ಇರಬೇಕು ಅಂತಿದೆ. ಇದು ಯಾರೋ ಮಾಡೋ ದಯೆ ಅಲ್ರೀ, ಕರಾರು.

ನಡೀತಿರೋದೇನು? ತಿಂಗಳುಗಟ್ಟಲೆ ಸಮುದ್ರದಲ್ಲಿದ್ದು ಬಂದವನಿಗೆ ದಡ ಕಣ್ಣೆದುರೇ ಇದ್ದರೂ ಕಾಲಿಡೋಕೆ ಆಗದ ಬಂದರುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಈ ಕೋಡಿಗೆ ಮುಂದೆ ನಿಂತು ಒತ್ತಾಯಿಸಿದ ಅಮೆರಿಕದಲ್ಲೇ ಕೆಲವು ಟರ್ಮಿನಲ್‌ಗಳು ಹಡಗಿನಿಂದ ಗೇಟಿನವರೆಗೆ ನಡೆದುಹೋಗೋದಕ್ಕೆ ಬಿಡ್ತಿರಲಿಲ್ಲ, ಬಿಟ್ಟರೂ ಕರೆದೊಯ್ಯೋದಕ್ಕೆ ದುಡ್ಡು ಕೇಳ್ತಿದ್ದವು. ಕೊನೆಗೆ 2019ರಲ್ಲಿ ಅಲ್ಲಿನ ಕೋಸ್ಟ್ ಗಾರ್ಡ್ ನಿಯಮವನ್ನೇ ಮಾಡಬೇಕಾಯ್ತು: ಸಿಬ್ಬಂದಿ ಮತ್ತು ಅವರ ಸಂಘಟನೆಯವರು ಓಡಾಡೋಕೆ ದಾರಿ ಕೊಡಿ, ತಡ ಮಾಡಬೇಡಿ, ಅವರಿಂದ ಕಾಸು ತಗೋಬೇಡಿ ಅಂತ. ಹಕ್ಕು ಕಾಗದದಲ್ಲಿ ಬಂದು ಹದಿನೈದು ವರ್ಷ ಆದಮೇಲೆ!

ನಾನು ಗುಮಾಸ್ತ. ‘ಭದ್ರತಾ ಕಾರಣ’ ಅನ್ನೋ ಎರಡು ಪದ ಕಡತದ ಮೇಲೆ ಬಿದ್ದರೆ ಏನಾಗುತ್ತೆ ಗೊತ್ತು. ಯಾರೂ ಆಮೇಲೆ ಪುಟ ತಿರುವಲ್ಲ. ನಾನು ಹಿಂದೆ ಇದ್ದ ಒಂದು ಕಚೇರಿಯಲ್ಲಿ ಸಂಜೆ ಕಸ ಗುಡಿಸೋ ಹೆಂಗಸರ ಚೀಲ ಮಾತ್ರ ಬಿಚ್ಚಿಸಿ ನೋಡ್ತಿದ್ದರು. ನಮ್ಮ ಬ್ಯಾಗು ಯಾರೂ ಮುಟ್ಟುತ್ತಿರಲಿಲ್ಲ. ಯಾಕೆ ಅಂದ್ರೆ ‘ಸೆಕ್ಯುರಿಟಿ ಸಾರ್’. ಆ ಪದದ ಕೆಳಗೆ ಜಾತಿ ಹಾಯಾಗಿ ಕೂತಿತ್ತು.

2008ರ ನವೆಂಬರ್ 26 ನೆನಪು ಮಾಡಿಕೊಳ್ಳಿ. ಮುಂಬೈಗೆ ಬಂದ ಹಂತಕರು ದೊಡ್ಡ ಬಂದರಿನ ಗೇಟಿನಿಂದ ಬರಲಿಲ್ಲ. ‘ಕುಬೇರ್’ ಅನ್ನೋ ಮೀನುಗಾರಿಕೆ ದೋಣಿಯನ್ನ ವಶಮಾಡಿಕೊಂಡು, ಅದರಲ್ಲಿದ್ದ ಮೀನುಗಾರರನ್ನ ಕೊಂದು, ಮೀನುಗಾರರ ಕೇರಿಯ ದಡಕ್ಕೆ ಬಂದಿಳಿದರು. ಅಲ್ಲಿ ಅವರನ್ನ ನೋಡಿ ‘ಯಾರು ನೀವು’ ಅಂತ ಕೇಳಿದ್ದೂ ಅದೇ ಕೇರಿಯ ಜನ. ಕರಾವಳಿಯ ನಿಜವಾದ ಕಾವಲುಗಾರರು ದಡದಲ್ಲಿ ಬದುಕೋ ಬಡವರು. ಆಮೇಲೆ ಗುರುತಿನ ಚೀಟಿ, ಬೆರಳಚ್ಚು ಅಂತ ಹೆಚ್ಚು ಲೆಕ್ಕ ಕೊಡಬೇಕಾಗಿ ಬಂದಿದ್ದೂ ಅವರೇ.

ಇನ್ನೊಂದು. 2010ರ ಜುಲೈನಲ್ಲಿ ಮುಂಬೈ ಬಂದರಿನ ಶಿವಡಿ ಭಾಗದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಹಳೇ ಸಿಲಿಂಡರಿನಿಂದ ಕ್ಲೋರಿನ್ ಸೋರಿ ಎಷ್ಟೋ ಜನ ಆಸ್ಪತ್ರೆ ಸೇರಿದರು. ಮನುಷ್ಯನ ಪಾಸು ದಿನಾ ನೋಡುವ ಗೇಟಿನ ಒಳಗೆ ವಿಷ ತುಂಬಿದ ಸಿಲಿಂಡರನ್ನ ಕೇಳೋರಿರಲಿಲ್ಲ. ಅದು ಬೇರೆ ಕಾನೂನಿನ ವಿಷಯ ಅಂತ ಹೇಳಬಹುದು. ಸರಿ. ಆದರೆ ಯಾರ ಜೀವಕ್ಕೆ ಭದ್ರತೆ ಅನ್ನೋ ಪ್ರಶ್ನೆ ಒಂದೇ.

ಹಾಗಾದ್ರೆ ಮಾಡೋದೇನು? ಬಾಬಾಸಾಹೇಬರು ಕಾನೂನನ್ನ ಸುಟ್ಟದ್ದೂ ಉಂಟು, ಬರೆದದ್ದೂ ಉಂಟು. ಎರಡಕ್ಕೂ ಮೊದಲು ಕೂತು ಓದಿದ್ದರು. ನಾವೂ ಓದೋಣ, ಆಮೇಲೆ ಕೇಳೋಣ.

ಒಂದು, ಗುತ್ತಿಗೆ ಕಾರ್ಮಿಕರ ಪಾಸು ಗುತ್ತಿಗೆದಾರನ ಜೇಬಿನಲ್ಲಿ ಇರಬಾರದು. ಗುತ್ತಿಗೆದಾರ ಬದಲಾದ ಅಂತ ಇಪ್ಪತ್ತು ವರ್ಷದಿಂದ ಗುಡಿಸಿದವಳು ಗೇಟಿನ ಹೊರಗೆ ನಿಲ್ಲಬಾರದು.

ಎರಡು, ಪಾಸು ನಿರಾಕರಿಸಿದರೆ ಕಾರಣ ಬರಹದಲ್ಲಿ ಕೊಡಬೇಕು, ಮೇಲ್ಮನವಿಗೆ ದಾರಿ ಇರಬೇಕು. ಕೇಸು ಹಾಕಿಸಿಕೊಂಡ ಹೋರಾಟಗಾರನನ್ನೂ ಭಯೋತ್ಪಾದಕನನ್ನೂ ಒಂದೇ ಖಾನೆಗೆ ಹಾಕಬಾರದು.

ಮೂರು, ಯೂನಿಯನ್ನಿನವರ ಪ್ರವೇಶ ಅಧಿಕಾರಿಯ ಮರ್ಜಿಯ ಮೇಲೆ ನಿಲ್ಲಬಾರದು.

ಭದ್ರತಾ ಯೋಜನೆ ಗುಪ್ತ ದಾಖಲೆ, ಅದನ್ನ ಕೇಳಿದರೆ ಮಾಹಿತಿ ಹಕ್ಕಿನ 8(1)(ಎ) ತೋರಿಸಿ ಕಳಿಸ್ತಾರೆ. ಅದನ್ನ ಕೇಳಲೇಬೇಡಿ. ವರ್ಷಕ್ಕೆ ಎಷ್ಟು ಪಾಸು ನಿರಾಕರಣೆ ಆಯ್ತು, ಯಾವ ನಿಯಮದಡಿ, ಹಡಗಿನ ಸಿಬ್ಬಂದಿ ಎಷ್ಟು ಜನಕ್ಕೆ ದಡಕ್ಕಿಳಿಯೋಕೆ ಬಿಟ್ಟಿಲ್ಲ, ಇಷ್ಟು ಅಂಕಿ ಕೇಳಿ. ಅಂಕಿ ಕೊಟ್ಟರೆ ದೇಶದ ಭದ್ರತೆ ಕುಸಿಯಲ್ಲ. ಪೂರ್ತಿ ಕೊಡಲ್ಲ ಅಂದ್ರೆ 10ನೇ ಕಲಂ ಇದೆ, ಗುಪ್ತವಾದದ್ದನ್ನ ಬಿಟ್ಟು ಉಳಿದದ್ದು ಕೊಡಿ ಅನ್ನಿ.

ಕೊನೆಯದಾಗಿ ಒಂದು ಮಾತು. ಹಡಗು ಸಂಚಾರ ಸುಗಮಗೊಳಿಸೋ ಇನ್ನೊಂದು ಅಂತರರಾಷ್ಟ್ರೀಯ ಒಪ್ಪಂದಕ್ಕೆ 2018ರ ಜನವರಿ 1ರಿಂದ ತಿದ್ದುಪಡಿ ಬಂದಿದೆ. ಸಿಬ್ಬಂದಿಯನ್ನ ದಡಕ್ಕೆ ಬಿಡುವಾಗ ರಾಷ್ಟ್ರೀಯತೆ, ಜನಾಂಗ, ಬಣ್ಣ, ಲಿಂಗ, ಧರ್ಮದ ಜೊತೆಗೆ ‘ಸಾಮಾಜಿಕ ಮೂಲ’ದ ಆಧಾರದಲ್ಲೂ ಭೇದ ಮಾಡಬಾರದು ಅಂತ ಬರೆದಿದ್ದಾರೆ. ಸಾಮಾಜಿಕ ಮೂಲ ಅಂದ್ರೆ ಏನು ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಕರಾವಳಿಯ ಗೆಳೆಯರು ಮೊದಲ ಅರ್ಜಿ ಹಾಕಿ. ಕರಡು ನಾನು ಬರೆದುಕೊಡ್ತೀನಿ.

ಜೈ ಭೀಮ್.