ಸೂಜಿಯ ಮೊನೆಯೂ ಮಗುವಿನ ಮನಸ್ಸೂ

ಹಠ ಹಿಡಿದ ಮಗುವನ್ನು ಸುಮ್ಮನಾಗಿಸಲು ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಬೆದರಿಕೆಗಳ ಪೈಕಿ ಗುಮ್ಮನ ಕಾಲ ಬಹುಮಟ್ಟಿಗೆ ಮುಗಿದಿದೆ. ಪೊಲೀಸರ ಹೆಸರೂ ಮೊದಲಿನಷ್ಟು ನಡೆಯುವುದಿಲ್ಲ. ಆದರೆ "ಸುಮ್ಮನಿರದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಚುಚ್ಚಿಸಿಬಿಡ್ತೀನಿ ನೋಡು" ಎಂಬ ಮಾತು ಮಾತ್ರ ಇಂದಿಗೂ ತನ್ನ ಪ್ರಭಾವವನ್ನು ಕಳೆದುಕೊಂಡಿಲ್ಲ. ಹೀಗೆ ವರ್ಷಗಟ್ಟಲೆ ಸೂಜಿಯನ್ನು ಶಿಕ್ಷೆಯೆಂದು ಬೋಧಿಸಿದ ನಾವೇ, ಬಿಡದ ಜ್ವರದಿಂದಾಗಿ ಒಂದು ದಿನ ರಕ್ತಪರೀಕ್ಷೆ ಅನಿವಾರ್ಯವಾದಾಗ, ಅದೇ ಮಗುವನ್ನು ಪ್ರಯೋಗಾಲಯದ ಕುರ್ಚಿಯಲ್ಲಿ ಕೂರಿಸಿ, ಹೆದರಬಾರದೆಂದು ಉಪದೇಶಿಸತೊಡಗುತ್ತೇವೆ. ತಾನು ಮಾಡಿದ ಯಾವ ತಪ್ಪಿಗೆ ಈ ದಂಡನೆಯೆಂದು ಮಗು ಯೋಚಿಸಿದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

ಮುಂದೆ ನಡೆಯುವುದನ್ನು ಯಾವ ಊರಿನಲ್ಲಾದರೂ ಕಾಣಬಹುದು. ತಂದೆ ಕಾಲುಗಳನ್ನು ಅಮುಕಿ ಹಿಡಿದಿರುತ್ತಾನೆ. ತಾಯಿ ಅಂಗೈಯಿಂದ ಮಗುವಿನ ಕಣ್ಣು ಮುಚ್ಚಿ, "ಏನೂ ಆಗಲ್ಲ ಕಂದಾ, ಇರುವೆ ಕಚ್ಚಿದ ಹಾಗೆ ಅಷ್ಟೇ" ಎಂದು ತಾನೇ ನಡುಗುವ ದನಿಯಲ್ಲಿ ಹೇಳುತ್ತಿರುತ್ತಾಳೆ. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಸ್ಪಿರಿಟ್ ಒರೆಸಿದ ಮೊಣಕೈಯ ಮಡಿಕೆಯನ್ನು ಬೆರಳಿನಿಂದ ತಡವುತ್ತಿರುವವರು, "ನರ ಸಿಗ್ತಾ ಇಲ್ಲ, ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದು ಗದರುತ್ತಾರೆ. ಎಳೆಯ ಮಕ್ಕಳ ರಕ್ತನಾಳ ಮೊದಲೇ ಸಣ್ಣದು, ಅದರ ಮೇಲೆ ಕೊಬ್ಬಿನ ಪದರ ಬೇರೆ. ಕೊಸರಾಡುವ ಕೈಯಲ್ಲಿ ಅದು ಇನ್ನಷ್ಟು ಜಾರಿಹೋಗುತ್ತದೆ, ಒಂದು ಚುಚ್ಚಿನಲ್ಲಿ ಮುಗಿಯಬೇಕಾದದ್ದಕ್ಕೆ ಎರಡು ಬೇಕಾಗುತ್ತದೆ. ನೇರಳೆ ಮುಚ್ಚಳದ ಕೊಳವೆಗೆ ಬಿದ್ದ ರಕ್ತ ಒಂದೆರಡು ಮಿಲಿಲೀಟರ್ ಮಾತ್ರ. ಆದರೆ ಮುಂದಿನ ಸಲ ಆಸ್ಪತ್ರೆಯ ಗೇಟು ಕಂಡೊಡನೆ ಅಳು ಆರಂಭವಾಗುತ್ತದೆ. ಬೆಳೆದು ದೊಡ್ಡವರಾದ ಮೇಲೂ ಈ ಭಯದಿಂದಲೇ ಪರೀಕ್ಷೆಗಳನ್ನು ಮುಂದೂಡುತ್ತಿರುವವರು ಎಲ್ಲರ ಪರಿಚಯದಲ್ಲಿಯೂ ಉಂಟು.

ಮಗುವಿನ ಗಮನವನ್ನು ಸೂಜಿಯಿಂದ ಬೇರೆಡೆಗೆ ಸೆಳೆಯುವುದು ಕೇವಲ ಪುಸಲಾಯಿಸುವ ಉಪಾಯವೆಂದೂ, ಪುರುಸೊತ್ತಿದ್ದವರು ಮಾಡಿಕೊಳ್ಳಬಹುದಾದ ಉಪಚಾರವೆಂದೂ ಭಾವಿಸುವವರು ನೋವಿನ ಸ್ವರೂಪವನ್ನು ಸರಿಯಾಗಿ ಗ್ರಹಿಸಿಲ್ಲವೆಂದೇ ನನ್ನ ಅಭಿಪ್ರಾಯ. ಚರ್ಮದಲ್ಲಿ ಹುಟ್ಟಿದ ಸಂಕೇತ ಹುಟ್ಟಿದಂತೆಯೇ ಮೆದುಳನ್ನು ಮುಟ್ಟುವುದಿಲ್ಲ, ಬೆನ್ನುಹುರಿಯಲ್ಲಿಯೇ ಅದನ್ನು ಹೆಚ್ಚಿಸುವ ಅಥವಾ ತಗ್ಗಿಸುವ ವ್ಯವಸ್ಥೆಯೊಂದಿದೆ, ಮನಸ್ಸಿನ ಸ್ಥಿತಿಯೂ ಅದರ ಮೇಲೆ ಅಧಿಕಾರ ನಡೆಸುತ್ತದೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿದ್ವಾಂಸರು 1965ರಲ್ಲಿಯೇ ಪ್ರತಿಪಾದಿಸಿದರು. 2012ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಸಂಶೋಧಕರು ವಯಸ್ಕರ ತೋಳಿಗೆ ನೋವಾಗುವಷ್ಟು ಶಾಖ ತಾಗಿಸುತ್ತ, ಜೊತೆಯಲ್ಲಿಯೇ ಜ್ಞಾಪಕಶಕ್ತಿಯ ಕಠಿಣವಾದ ಕೆಲಸವೊಂದನ್ನು ಕೊಟ್ಟು ನೋಡಿದಾಗ, ನೋವಿನ ಅನುಭವ ತಗ್ಗಿದ್ದಷ್ಟೇ ಅಲ್ಲ, ಬೆನ್ನುಹುರಿಯಲ್ಲಿ ಕಾಣಬರುವ ಪ್ರತಿಕ್ರಿಯೆಯೂ ತಗ್ಗಿತ್ತು. ಅಂದ ಮೇಲೆ ಬೇರೊಂದರಲ್ಲಿ ಮಗ್ನವಾದ ಮನಸ್ಸು ನೋವನ್ನು ಮರೆಯುತ್ತದೆ ಎನ್ನುವುದು ಅರ್ಧ ಸತ್ಯ. ಅದಕ್ಕೆ ತಲುಪುವ ನೋವೇ ಕಡಿಮೆಯಾಗಿರುತ್ತದೆ.

ಇಟಲಿಯ ಸಿಯೆನಾ ನಗರದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಈ ವಿಷಯದಲ್ಲಿ ಬಹು ಸ್ವಾರಸ್ಯವಾದುದು. 7ರಿಂದ 12 ವರ್ಷದ 69 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಏನನ್ನೂ ಒದಗಿಸದೆ, ಇನ್ನೊಂದರಲ್ಲಿ ತಾಯಂದಿರೇ ಮಾತಿನಿಂದ ಮಕ್ಕಳ ಮನಸ್ಸನ್ನು ತಿರುಗಿಸಲು ಬಿಟ್ಟು, ಮೂರನೆಯದಕ್ಕೆ ದೂರದರ್ಶನದ ಕಾರ್ಟೂನು ತೋರಿಸುತ್ತ ರಕ್ತ ತೆಗೆಯಲಾಯಿತು. ಕಾರ್ಟೂನು ನೋಡಿದವರಿಗೇ ಎಲ್ಲರಿಗಿಂತ ಕಡಿಮೆ ನೋವಾಯಿತು! ತಾಯಿಯ ಸ್ಥಾನಕ್ಕೆ ಇದರಿಂದ ಕುಂದೇನೂ ಇಲ್ಲ; ತಾನೇ ಕಳವಳಪಡುತ್ತಿರುವ ತಾಯಿಯ ಮುಖದಲ್ಲಿ ಮಗು ಓದಿಕೊಳ್ಳುವುದು ಆ ಕಳವಳವನ್ನೇ ಹೊರತು ಅವಳ ಮಾತನ್ನಲ್ಲ ಎಂದು ನನಗೆ ತೋರುತ್ತದೆ. ಮಕ್ಕಳ ಕೈಗೆ ಮೊಬೈಲ್ ಕೊಡುವುದನ್ನು ಎಲ್ಲ ಸಂದರ್ಭಗಳಲ್ಲಿಯೂ ಖಂಡಿಸುವವರ ಪಂಗಡಕ್ಕೆ ಸೇರಿದ ನಾನು, ಈ ಎರಡು ನಿಮಿಷಗಳ ಮಟ್ಟಿಗೆ ನನ್ನ ವ್ರತವನ್ನು ಸಡಿಲಿಸಲು ಸಿದ್ಧನಿದ್ದೇನೆ.

ಆದರೆ ಗಮನ ಸೆಳೆಯುವುದು ಬೇರೆ, ವಂಚಿಸುವುದು ಬೇರೆ. ನೋವಾಗುವುದೇ ಇಲ್ಲವೆಂದು ಹೇಳಿ ಚುಚ್ಚಿಸಿದ ದಿನ ಮಗು ಸೂಜಿಯ ಜೊತೆಗೆ ನಮ್ಮ ಮಾತಿಗೂ ಹೆದರಲು ಕಲಿಯುತ್ತದೆ. "ಏನೂ ಆಗಲ್ಲ" ಎಂದು ಮತ್ತೆ ಮತ್ತೆ ಸಮಾಧಾನ ಹೇಳಿದಷ್ಟೂ ಮಕ್ಕಳ ಸಂಕಟ ಹೆಚ್ಚಿಯೇ ಕಂಡುಬರುತ್ತದೆಂದು ಈ ವಿಷಯವನ್ನು ಅಭ್ಯಾಸ ಮಾಡಿದವರು ಗಮನಿಸಿದ್ದಾರೆ. ಏನೋ ಆಗಲಿದೆ ಎಂಬುದಕ್ಕೆ ಮಗುವಿಗೆ ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲವಷ್ಟೆ. "ಸ್ವಲ್ಪ ಚುಚ್ಚುತ್ತೆ, ಬೇಗ ಮುಗಿಯುತ್ತೆ, ಅಷ್ಟು ಹೊತ್ತು ನಾವಿಬ್ಬರೂ ಈ ಗುಳ್ಳೆ ಊದೋಣ" ಎಂದು ಒಮ್ಮೆ ನಿಜ ಹೇಳಿ, ಆಮೇಲೆ ಆ ಮಾತನ್ನೇ ಬಿಟ್ಟು ಆಟಕ್ಕೆ ಇಳಿಯುವುದು ಲೇಸು. ಚಂದಮಾಮನನ್ನು ತೋರಿಸುತ್ತ ತುತ್ತಿಡುವ ವಿದ್ಯೆಯನ್ನು ಯಾರಿಂದಲೂ ಹೇಳಿಸಿಕೊಳ್ಳದೆ ಬಲ್ಲ ನಮ್ಮ ಅಜ್ಜಿಯರಿಗೆ ಇದು ಹೊಸದೆನಿಸಲಾರದು. ಮಲಗಿಸಿ ಅದುಮುವುದಕ್ಕೆ ಬದಲಾಗಿ ತೊಡೆಯ ಮೇಲೆ ಎದೆಗೊರಗಿಸಿ ಕೂರಿಸಿಕೊಳ್ಳಬೇಕು. ಕೈಗೂಸಾದರೆ ಮೊಲೆಯೂಡಿಸುತ್ತಿರುವಾಗಲೇ ಚುಚ್ಚಬಹುದು. ಲಸಿಕೆಯ ನೋವನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಲ್ಲಿ ಇವೂ ಇವೆ, 6 ವರ್ಷದೊಳಗಿನವರಿಗೆ ಆಟಿಕೆ, ಸಂಗೀತ, ಮಾತುಕತೆಗಳಿಂದ ಗಮನ ತಿರುಗಿಸುವುದೂ ಇದೆ. ಸೂಜಿಯನ್ನು ಕಣ್ಣಾರೆ ನೋಡಿದರೇ ಧೈರ್ಯ ಬರುವ ಮಕ್ಕಳೂ ಇರುತ್ತಾರೆ; ಅಂಥವರ ಕಣ್ಣನ್ನು ಬಲಾತ್ಕಾರವಾಗಿ ಮುಚ್ಚಬೇಕಾದ ಕಾರಣವಿಲ್ಲ.

ಹೊರಗೆ ಸರದಿಯಲ್ಲಿ ನೂರು ಜನ ಕಾದಿರುವಾಗ ಗುಳ್ಳೆ ಊದಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪವನ್ನು ನಾನು ಲಘುವಾಗಿ ಎಣಿಸುವುದಿಲ್ಲ. ಆದರೆ ಮೂವರು ಸೇರಿ ಒಂದು ಮಗುವನ್ನು ಹಿಡಿಯುವುದಕ್ಕೂ, ತಪ್ಪಿದ ಚುಚ್ಚನ್ನು ಮತ್ತೊಮ್ಮೆ ಚುಚ್ಚುವುದಕ್ಕೂ ತಗಲುವ ಹೊತ್ತನ್ನು ಲೆಕ್ಕ ಹಾಕುವವರು ಯಾರು? ಚರ್ಮವನ್ನು ಮರಗಟ್ಟಿಸುವ ಮುಲಾಮು ಉಂಟು. ಆದರೆ ಅದು ಕೆಲಸ ಮಾಡಲು ಸುಮಾರು ಒಂದು ಗಂಟೆ ಬೇಕು, ಹಣವೂ ಬೇಕು. ಗಮನ ಸೆಳೆಯಲು ಬೇಕಾದುದು ಒಂದು ನಿಮಿಷ, ಮತ್ತು ರಕ್ತ ತೆಗೆಯುವವರ ತರಬೇತಿಯಲ್ಲಿ ರಕ್ತನಾಳ ಹುಡುಕುವ ಪಾಠದ ಪಕ್ಕದಲ್ಲಿಯೇ ಇದಕ್ಕೊಂದು ಸ್ಥಾನ. ಥಲಸ್ಸೀಮಿಯಾದಿಂದ ಬಳಲುವ ಮಗುವಿಗೆ ಎರಡು ಮೂರು ವಾರಗಳಿಗೊಮ್ಮೆ ರಕ್ತ ಪೂರಣವಾಗಬೇಕು, ಪ್ರತಿಸಲವೂ ಸೂಜಿ ತಪ್ಪಿದ್ದಲ್ಲ. ಅಂಥ ಮಗುವಿನ ಪಾಲಿಗೆ ಈ ಒಂದು ನಿಮಿಷ ಅಲಂಕಾರವಲ್ಲ, ಚಿಕಿತ್ಸೆಯ ಅಂಗ.

ತರಬೇತಿ ಬರುವಾಗ ಬರಲಿ. ಅಲ್ಲಿಯವರೆಗೆ ಮಗುವನ್ನು ಪರೀಕ್ಷೆಗೆ ಕರೆದೊಯ್ಯುವ ತಂದೆತಾಯಿಗಳು ಅದರ ಮೆಚ್ಚಿನ ಪುಸ್ತಕವನ್ನೋ ಆಟಿಕೆಯನ್ನೋ ಜೊತೆಗೆ ಒಯ್ಯಲಿ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇವೆ, ಆರಂಭಿಸುವ ಮುನ್ನ ಒಂದು ನಿಮಿಷ ಕೊಡಿ ಎಂದು ರಕ್ತ ತೆಗೆಯುವವರನ್ನು ಕೇಳಲಿ. ಕೇಳಿದರೆ ಇಲ್ಲವೆನ್ನುವವರು ನಾವು ಊಹಿಸುವಷ್ಟು ಮಂದಿ ಇಲ್ಲ.